ವಿಪತ್ತಿನ ಸುದ್ದಿ ಜನರ ಕೈಯಲ್ಲಿ: ಕೇಳುವ ಕಿವಿ ಎಲ್ಲಿ?

ಭೂಮಿ ನಡುಗಿದಾಗ, ಹೊಳೆ ಊರೊಳಗೆ ನುಗ್ಗಿದಾಗ, ಗುಡ್ಡ ಜರಿದಾಗ ಅದನ್ನು ಎಲ್ಲರಿಗಿಂತ ಮೊದಲು ಅರಿಯುವವರು ಅಲ್ಲಿಯೇ ಇರುವ ಜನ. ಅಧಿಕಾರಿಗಳ ವರದಿ, ಉಪಗ್ರಹದ ಚಿತ್ರ, ಸುದ್ದಿವಾಹಿನಿಯ ಕ್ಯಾಮೆರಾ ಎಲ್ಲವೂ ಆಮೇಲಿನ ಮಾತು. ಅಂತರ್ಜಾಲ ಬರುವವರೆಗೆ ಆ ಜನರ ಅರಿವು ಊರ ಗಡಿ ದಾಟಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಹಿಡಿಯುತ್ತಿದ್ದವು. ಈಗ ಮೊಬೈಲಿನಿಂದ ಹೊರಟ ಒಂದು ಸಾಲು, ಒಂದು ಚಿತ್ರ ನಿಮಿಷದೊಳಗೆ ಲೋಕದ ಕಣ್ಣಿಗೆ ಬೀಳುತ್ತದೆ. ಸಾವಿರಾರು ಜನ ಹೀಗೆ ಹಾಕಿದ್ದನ್ನು ಒಟ್ಟುಗೂಡಿಸಿ ವಿಪತ್ತನ್ನು ಗುರುತಿಸಬಹುದೇ? ಅದು ಹಬ್ಬುತ್ತಿರುವ ಬಗೆಯನ್ನು ಗಂಟೆಗಂಟೆಗೂ ತಿಳಿಯಬಹುದೇ? ಆ ಮಾಹಿತಿಯನ್ನು ನಂಬಿ ದೋಣಿ, ಆಂಬುಲೆನ್ಸ್ ಕಳಿಸಬಹುದೇ?

ಕಳೆದ ಎರಡು ದಶಕಗಳಲ್ಲಿ ಜಪಾನಿನಿಂದ ಹೈಟಿಯವರೆಗೆ, ಜಕಾರ್ತದಿಂದ ಕೇರಳದವರೆಗೆ ನಡೆದ ಪ್ರಯೋಗಗಳು ಈ ಪ್ರಶ್ನೆಗಳಿಗೆ ಸಾಕಷ್ಟು ಉತ್ತರ ಕೊಟ್ಟಿವೆ. ಅವನ್ನೆಲ್ಲ ಒಂದೆಡೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಜನ ಸುದ್ದಿ ಕೊಡುವುದರಲ್ಲಿ ಹಿಂದೆ ಬಿದ್ದಿಲ್ಲ. ಹಿಂದೆ ಬಿದ್ದಿರುವುದು ಅದನ್ನು ಕೇಳಿಸಿಕೊಂಡು, ಪರಿಶೀಲಿಸಿ, ಕೆಲಸಕ್ಕಿಳಿಯಬೇಕಾದ ವ್ಯವಸ್ಥೆ.

ಪತ್ರಗಳ ಕಾಲದಿಂದ

ಜನರಿಂದ ಕೇಳಿ ವಿಪತ್ತನ್ನು ಅಳೆಯುವ ಪದ್ಧತಿ ಹೊಸದಲ್ಲ. 1897ರ ಜೂನ್ 12ರಂದು ಶಿಲ್ಲಾಂಗ್ ಪ್ರಸ್ಥಭೂಮಿಯನ್ನು ಅಲುಗಾಡಿಸಿದ ಮಹಾಕಂಪನದ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಆರ್. ಡಿ. ಓಲ್ಡಮ್ ದೇಶದ ನಾನಾ ಭಾಗಗಳಿಂದ ಬಂದ ವಿವರಗಳನ್ನು ಕಲೆಹಾಕಿದರು. ಎಲ್ಲಿ ಗೋಡೆ ಬಿತ್ತು, ಎಲ್ಲಿ ನಡುಕವಷ್ಟೇ ತಿಳಿಯಿತು ಎಂಬ ಆ ವಿವರಗಳಿಂದಲೇ ಕಂಪನದ ತೀವ್ರತೆಯ ನಕ್ಷೆ ಮೂಡಿತು. 1899ರಲ್ಲಿ ಪ್ರಕಟವಾದ ಆ ವರದಿ ಭೂಕಂಪ ವಿಜ್ಞಾನದ ಮೈಲಿಗಲ್ಲು. ಸಾಮಾನ್ಯ ಜನರ ಅನುಭವವನ್ನು ಕ್ರಮವಾಗಿ ಕೇಳಿ ಬರೆದಿಟ್ಟರೆ ಅದೂ ವಿಜ್ಞಾನಕ್ಕೆ ಒದಗುತ್ತದೆಂದು ಅದು ತೋರಿಸಿತು.

ನೂರು ವರ್ಷಗಳ ನಂತರ, 1999ರಲ್ಲಿ, ಅಮೆರಿಕದ ಭೂವೈಜ್ಞಾನಿಕ ಸಂಸ್ಥೆ ಯುಎಸ್‌ಜಿಎಸ್ ಇದೇ ಕೆಲಸವನ್ನು ಅಂತರ್ಜಾಲದಲ್ಲಿ ದೇಶದಾದ್ಯಂತ ಆರಂಭಿಸಿತು. 'ಡಿಡ್ ಯು ಫೀಲ್ ಇಟ್' ಹೆಸರಿನ ಪುಟದಲ್ಲಿ ಜನ ತಾವಿದ್ದ ಜಾಗ, ಕಪಾಟಿನ ವಸ್ತುಗಳು ಬಿದ್ದವೋ ಇಲ್ಲವೋ, ಗೋಡೆ ಬಿರಿಯಿತೋ ಎಂಬ ಸರಳ ಪ್ರಶ್ನೆಗಳಿಗೆ ಉತ್ತರಿಸಿದರೆ ನಕ್ಷೆ ತಾನಾಗಿ ತಯಾರಾಗುತ್ತದೆ. ಭೂಗೋಳ ವಿಜ್ಞಾನಿ ಮೈಕಲ್ ಗುಡ್‌ಚೈಲ್ಡ್ 2007ರಲ್ಲಿ ಈ ಬೆಳವಣಿಗೆಗೆ ತಾತ್ವಿಕ ರೂಪ ಕೊಟ್ಟು, ನಾಗರಿಕರೇ ಭೂಮಿಯ ಸಂವೇದಕಗಳು ಎಂದು ವಾದಿಸಿದರು.

ಗುರುತಿಸುವ ಕೆಲಸ: ಭೂಕಂಪದ ಪಾಠ

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು ಭೂಕಂಪ. ಟೋಕಿಯೊ ವಿಶ್ವವಿದ್ಯಾಲಯದ ಸಕಾಕಿ ಮತ್ತು ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮೊದಲ ದೊಡ್ಡ ಹೆಜ್ಜೆ. ಟ್ವಿಟರ್‌ನಲ್ಲಿ 'ನಡುಗುತ್ತಿದೆ' ಎಂಬಂಥ ಸಾಲುಗಳನ್ನಷ್ಟೇ ಗಮನಿಸಿ, ಜಪಾನಿನ ಹವಾಮಾನ ಸಂಸ್ಥೆಯ ಅಳತೆಯಲ್ಲಿ ತೀವ್ರತೆ 3 ಮತ್ತು ಅದಕ್ಕಿಂತ ಹೆಚ್ಚಿದ್ದ ಕಂಪನಗಳಲ್ಲಿ ಶೇ 96ರಷ್ಟನ್ನು ಅವರು ಗುರುತಿಸಿದರು. ಅವರ ಇಮೇಲ್ ಸೂಚನೆ ಸಂಸ್ಥೆಯ ಪ್ರಸಾರಕ್ಕಿಂತ ಮೊದಲೇ ಜನರನ್ನು ತಲುಪುತ್ತಿತ್ತು.

ಅದೇ ಹೊತ್ತಿಗೆ ಯುಎಸ್‌ಜಿಎಸ್‌ನ ಪಾಲ್ ಅರ್ಲ್ ತಂಡವೂ ಇಂಥದೇ ವಿಧಾನ ಕಟ್ಟಿತು. ಭೂಕಂಪ ಎಂಬ ಪದ ಸಾಮಾನ್ಯ ದಿನಗಳಲ್ಲಿ ಎಷ್ಟು ಬಾರಿ ಕಾಣಿಸಿಕೊಳ್ಳುತ್ತದೆ, ಈ ನಿಮಿಷದಲ್ಲಿ ಎಷ್ಟು ಬಾರಿ ಕಾಣಿಸಿಕೊಂಡಿದೆ ಎಂದು ಹೋಲಿಸಿ, ಹಠಾತ್ ಏರಿಕೆ ಕಂಡರೆ ಎಚ್ಚರಿಸುವುದು ಅದರ ಸೂತ್ರ. ಐದು ತಿಂಗಳಲ್ಲಿ ಅದು ಹಿಡಿದ ಭೂಕಂಪಗಳು 48. ಸುಳ್ಳು ಎಚ್ಚರಿಕೆ ಕೊಟ್ಟದ್ದು ಎರಡೇ ಬಾರಿ. ಮುಕ್ಕಾಲು ಪಾಲು ಪತ್ತೆ ಎರಡು ನಿಮಿಷದೊಳಗೇ ಆಗಿತ್ತು. ಆದರೆ ಅದೇ ಐದು ತಿಂಗಳಲ್ಲಿ ಯಂತ್ರಗಳು ದಾಖಲಿಸಿದ ಭೂಕಂಪಗಳು 5,175. ಜನವಸತಿಯಿಲ್ಲದ ಕಡೆ, ಸಮುದ್ರದಡಿ ಆದ ಕಂಪನಗಳನ್ನು ಹೇಳುವವರಿಲ್ಲ. ಹಾಗಾಗಿ ಜನರ ಮಾತು ಯಂತ್ರದ ಜಾಗ ತುಂಬಲಾರದು. ಯಂತ್ರ ವಿರಳವಾಗಿರುವ, ಜನ ದಟ್ಟವಾಗಿರುವ ಕಡೆ ಅದು ಯಂತ್ರಕ್ಕೆ ನೆರವಾಗುತ್ತದೆ.

ಮುಂದಿನ ಹಂತದಲ್ಲಿ ಜನ ಬರೆಯುವ ಅಗತ್ಯವೂ ತಪ್ಪಿತು. ಮೊಬೈಲಿನೊಳಗಿನ ಅಕ್ಸೆಲರೋಮೀಟರ್ ಅಲುಗಾಟವನ್ನು ತಾನೇ ಗ್ರಹಿಸುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ವಿಜ್ಞಾನಿಗಳು 2016ರಲ್ಲಿ ತಂದ 'ಮೈಶೇಕ್' ಆ್ಯಪ್, 2020ರಲ್ಲಿ ಗೂಗಲ್ ಆಂಡ್ರಾಯ್ಡ್ ಫೋನುಗಳಲ್ಲಿ ತಂದ ಎಚ್ಚರಿಕೆ ವ್ಯವಸ್ಥೆ ಇದೇ ತತ್ವದ ಮೇಲೆ ನಡೆಯುತ್ತವೆ. ಗೂಗಲ್ ವ್ಯವಸ್ಥೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಹಯೋಗದೊಂದಿಗೆ 2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೂ ಬಂತು.

ಅದರ ಮಿತಿಯನ್ನು ಟರ್ಕಿ ತೋರಿಸಿತು. 2023ರ ಫೆಬ್ರುವರಿ 6ರಂದು ಅಲ್ಲಿ 7.8 ಪ್ರಮಾಣದ ಭೂಕಂಪವಾದಾಗ ವ್ಯವಸ್ಥೆ ಕಂಪನದ ಬಲವನ್ನು ತೀರಾ ಕಡಿಮೆ ಅಂದಾಜಿಸಿತು. ಸುಮಾರು ಒಂದು ಕೋಟಿ ಜನರಿಗೆ ಹೋಗಬಹುದಾಗಿದ್ದ ಅತ್ಯುನ್ನತ ಮಟ್ಟದ ಎಚ್ಚರಿಕೆ ತಲುಪಿದ್ದು 469 ಮಂದಿಗೆ. ಗೂಗಲ್ ಇದನ್ನು 2025ರಲ್ಲಿ ಒಪ್ಪಿಕೊಂಡಿತು. ಸಣ್ಣಪುಟ್ಟ ಕಂಪನಗಳಲ್ಲಿ ಚೆನ್ನಾಗಿ ನಡೆದ ವಿಧಾನ ಮಹಾವಿಪತ್ತಿನಲ್ಲೇ ಕೈಕೊಡಬಹುದು ಎಂಬುದನ್ನು ಇಂಥ ಯಾವ ವ್ಯವಸ್ಥೆಯೂ ಮರೆಯುವಂತಿಲ್ಲ.

ನಕ್ಷೆಗೆ ಏರಿದ ಕೂಗು

ಗುರುತಿಸುವುದು ಒಂದು ಕೆಲಸ. ಎಲ್ಲಿ, ಯಾರಿಗೆ, ಏನು ಬೇಕು ಎಂದು ನಿಗಾ ಇಡುವುದು ಇನ್ನೊಂದು. ಇದರ ಆರಂಭ ಕೆನ್ಯಾದಲ್ಲಿ. 2007ರ ಕೊನೆಯಲ್ಲಿ ಅಲ್ಲಿ ಚುನಾವಣೆಯ ಬೆನ್ನಿಗೇ ಹಿಂಸೆ ಹೊತ್ತಿಕೊಂಡಿತು. ಜನ ಕಳಿಸಿದ ವರದಿಗಳನ್ನು ನಕ್ಷೆಯ ಮೇಲೆ ಗುರುತಿಸಲು ಓರಿ ಒಕೊಲ್ಲೊ ಮತ್ತು ಗೆಳೆಯರು 2008ರ ಜನವರಿಯಲ್ಲಿ 'ಉಶಾಹಿದಿ' ತಂತ್ರಾಂಶ ರೂಪಿಸಿದರು. ಎರಡು ವರ್ಷಗಳ ನಂತರ, 2010ರ ಜನವರಿ 12ರಂದು, ಹೈಟಿಯ ರಾಜಧಾನಿ ಪೋರ್ಟ್-ಒ-ಪ್ರಿನ್ಸ್ ನೆಲಕಚ್ಚಿದಾಗ ಅದೇ ತಂತ್ರಾಂಶ ಒದಗಿತು. 4636 ಎಂಬ ಸಂಖ್ಯೆಗೆ ಜನ ಎಸ್‌ಎಂಎಸ್ ಕಳಿಸಿದರು. ಅವರ ಕ್ರಿಯೋಲ್ ಭಾಷೆ ಹೊರಗಿನಿಂದ ಬಂದ ರಕ್ಷಕರಿಗೆ ತಿಳಿಯದು. ಬೇರೆ ದೇಶಗಳಲ್ಲಿ ನೆಲೆಸಿದ್ದ ಹೈಟಿಯವರೇ ಕೂತು ಅನುವಾದಿಸಿ, ಬೀದಿ ಬಡಾವಣೆಗಳನ್ನು ಗುರುತಿಸಿ ಕೊಟ್ಟರು.

ನಗರಕ್ಕೆ ಸರಿಯಾದ ನಕ್ಷೆಯೇ ಇರಲಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡುತ್ತ ಕೆಲವೇ ದಿನಗಳಲ್ಲಿ ಅದನ್ನು ಬರೆದರು. 2015ರ ಏಪ್ರಿಲ್ 25ರ ನೇಪಾಳ ಭೂಕಂಪದ ಹೊತ್ತಿಗೆ ಈ ಕೆಲಸ ಇನ್ನಷ್ಟು ಪಕ್ವವಾಗಿತ್ತು. ಕಠ್ಮಂಡು ಲಿವಿಂಗ್ ಲ್ಯಾಬ್ಸ್ ಎಂಬ ಸ್ಥಳೀಯ ಸಂಸ್ಥೆ ಭೂಕಂಪಕ್ಕೆ ಎಷ್ಟೋ ಮೊದಲೇ ತನ್ನ ನಗರದ ಶಾಲೆ, ಆಸ್ಪತ್ರೆ, ರಸ್ತೆಗಳನ್ನು ನಕ್ಷೆಗೆ ಏರಿಸಿತ್ತು. ಅದರಿಂದಾಗಿ ಲೋಕದ ಮೂಲೆಮೂಲೆಯಿಂದ ಸಾವಿರಾರು ಜನ ಕೈಜೋಡಿಸಿದಾಗ ಆ ಉತ್ಸಾಹಕ್ಕೆ ಒಂದು ದಿಕ್ಕು ಸಿಕ್ಕಿತು. ವಿಪತ್ತು ಬಂದ ಮೇಲೆ ನಕ್ಷೆ ಬರೆದ ಹೈಟಿ, ಮೊದಲೇ ಬರೆದಿಟ್ಟ ನೇಪಾಳ, ಇವೆರಡರ ನಡುವಿನ ಅಂತರವೇ ಸಿದ್ಧತೆಯ ಬೆಲೆ.

ನೆರೆ: ಜಕಾರ್ತ, ಚೆನ್ನೈ, ಕೇರಳ

ನೆರೆಯ ಸ್ವಭಾವ ಬೇರೆ. ಅದು ಗಂಟೆಗಟ್ಟಲೆ ಏರುತ್ತದೆ, ಬೀದಿಯಿಂದ ಬೀದಿಗೆ ಬದಲಾಗುತ್ತದೆ. ನದಿಯಲ್ಲಿ ನೀರಿನ ಮಟ್ಟ ಎಷ್ಟೆಂದು ಮಾಪಕ ಹೇಳೀತು. ಯಾವ ಓಣಿಯಲ್ಲಿ ಮೊಣಕಾಲುದ್ದ, ಯಾವ ಓಣಿಯಲ್ಲಿ ಎದೆಯುದ್ದ ಎಂಬುದನ್ನು ಅಲ್ಲಿರುವವರೇ ಹೇಳಬೇಕು.

ಇದನ್ನು ಚೆನ್ನಾಗಿ ಅರಿತದ್ದು ಇಂಡೋನೇಷ್ಯಾದ ಜಕಾರ್ತ. ಆಸ್ಟ್ರೇಲಿಯಾದ ವೊಲೊಂಗಾಂಗ್ ವಿಶ್ವವಿದ್ಯಾಲಯದ ಸಂಶೋಧಕರು ನಗರದ ವಿಪತ್ತು ನಿರ್ವಹಣಾ ಸಂಸ್ಥೆಯ ಜೊತೆಗೂಡಿ 2014ರ ಮಳೆಗಾಲದಲ್ಲಿ 'ಪೆಟಾಜಕಾರ್ತ' ಆರಂಭಿಸಿದರು. ನೆರೆಯ ಬಗ್ಗೆ ಯಾರಾದರೂ ಟ್ವೀಟ್ ಮಾಡಿದರೆ, ನಿಮ್ಮ ಸ್ಥಳ ತಿಳಿಸಿ, ಖಚಿತಪಡಿಸಿ ಎಂಬ ಮರುಸಂದೇಶ ತಾನಾಗಿ ಹೋಗುತ್ತಿತ್ತು. ಉತ್ತರಿಸಿದವರ ವರದಿ ನಕ್ಷೆಗೆ ಏರುತ್ತಿತ್ತು. ಜನರ ಮಾತನ್ನು ಕದ್ದು ಕೇಳದೆ ಅವರನ್ನೇ ಕೇಳಿ ತಿಳಿಯುವ ಈ ಕ್ರಮ ಸುಳ್ಳನ್ನೂ ಗೊಂದಲವನ್ನೂ ಬಹಳ ಮಟ್ಟಿಗೆ ದೂರವಿಟ್ಟಿತು. ಎಲ್ಲಕ್ಕಿಂತ ಮುಖ್ಯವಾಗಿ, ಜನ ನೋಡುವ ನಕ್ಷೆಯನ್ನೇ ಅಧಿಕಾರಿಗಳೂ ಬಳಸುತ್ತಿದ್ದರು. ಮುಂದೆ ಇದು 'ಪೆಟಾಬೆಂಚಾನ' ಹೆಸರಿನಲ್ಲಿ ಜಕಾರ್ತದಾಚೆಗೂ ಬೆಳೆಯಿತು.

2015ರ ಡಿಸೆಂಬರ್ ಆರಂಭದಲ್ಲಿ ಚೆನ್ನೈ ಮುಳುಗಿದಾಗ ಅಲ್ಲಿ ಅಂಥ ವ್ಯವಸ್ಥೆ ಇರಲಿಲ್ಲ. ಸ್ವಯಂಸೇವಕರು ರಾತ್ರೋರಾತ್ರಿ ಹಂಚಿಕೊಂಡ ಸ್ಪ್ರೆಡ್‌ಶೀಟ್‌ಗಳಲ್ಲಿ, ಜಾಲತಾಣಗಳಲ್ಲಿ ಯಾರಿಗೆ ಊಟ, ಎಲ್ಲಿ ದೋಣಿ, ಯಾರ ಮನೆಯಲ್ಲಿ ಆಸರೆ ಎಂದು ಬರೆದಿಟ್ಟರು. ನೀರು ನಿಂತ ರಸ್ತೆಗಳನ್ನು ಜನರೇ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ಗುರುತಿಸಿದರು.

ಮೂರು ವರ್ಷಗಳ ನಂತರ, 2018ರ ಆಗಸ್ಟ್‌ನಲ್ಲಿ, ಕೇರಳ ಒಂದು ಹೆಜ್ಜೆ ಮುಂದೆ ಹೋಯಿತು. ರಾಜ್ಯ ಸರ್ಕಾರದ ಐಟಿ ವಿಭಾಗ ಮತ್ತು ಯುವ ಎಂಜಿನಿಯರುಗಳು ಸೇರಿ 'ಕೇರಳ ರೆಸ್ಕ್ಯೂ' ಜಾಲತಾಣ ಕಟ್ಟಿದರು. ತಂತ್ರಾಂಶ ಮುಕ್ತವಾಗಿದ್ದುದರಿಂದ ದೂರದ ಊರುಗಳಲ್ಲಿದ್ದ ಮಲಯಾಳಿಗಳೂ ಅದನ್ನು ತಿದ್ದಿ ಬೆಳೆಸಿದರು. ಅಲ್ಲಿ ದಾಖಲಾದ ಕೋರಿಕೆಗಳಿಗೆ ಸ್ವಯಂಸೇವಕರು ಮರಳಿ ಫೋನ್ ಮಾಡಿ ಖಚಿತಪಡಿಸಿಕೊಂಡರು. ಕಡಲಿನಿಂದ ದೋಣಿ ಹೊತ್ತು ತಂದ ಮೀನುಗಾರರು ಜನರನ್ನು ದಡ ಸೇರಿಸಿದರು. ತೊಡಕುಗಳೂ ಇದ್ದವು. ಒಂದೇ ಮನೆಯ ಕೋರಿಕೆ ಹತ್ತಾರು ಬಾರಿ ಬಂತು. ಪಾರಾದವರ ಸಂದೇಶಗಳು ಆಮೇಲೂ ಹರಿದಾಡಿ ರಕ್ಷಕರ ಸಮಯ ತಿಂದವು. ಹಾಗಿದ್ದರೂ ಸರ್ಕಾರವೇ ಬಾಗಿಲು ತೆರೆದರೆ ಜನಶಕ್ತಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಜೊಳ್ಳು, ಕಾಳು ಬೇರ್ಪಡಿಸುವ ಯಂತ್ರ

ದೊಡ್ಡ ವಿಪತ್ತಿನಲ್ಲಿ ಲಕ್ಷಗಟ್ಟಲೆ ಸಂದೇಶಗಳು ಬರುತ್ತವೆ. ಬಹುಪಾಲು ಸಂತಾಪ, ಪ್ರಾರ್ಥನೆ, ಸುದ್ದಿಯ ಮರುಪ್ರಸಾರ. ಕಣ್ಣಾರೆ ಕಂಡು ಬರೆದ, ಕೆಲಸಕ್ಕೆ ಬರುವ ಸಾಲುಗಳು ಸ್ವಲ್ಪವೇ. ಅವನ್ನು ಹೆಕ್ಕಲು ಕತಾರ್ ಕಂಪ್ಯೂಟಿಂಗ್ ಸಂಶೋಧನಾ ಸಂಸ್ಥೆಯ ಮುಹಮ್ಮದ್ ಇಮ್ರಾನ್ ತಂಡ 'ಎಐಡಿಆರ್' ಎಂಬ ವ್ಯವಸ್ಥೆ ರೂಪಿಸಿತು. ಮೊದಲು ಸ್ವಯಂಸೇವಕರು ಕೆಲವು ನೂರು ಸಂದೇಶಗಳನ್ನು ವಿಂಗಡಿಸಿ ಕೊಡುತ್ತಾರೆ. ಅದರಿಂದ ಕಲಿತ ಯಂತ್ರ ಉಳಿದ ರಾಶಿಯನ್ನು ವಿಂಗಡಿಸುತ್ತದೆ. ಭಾರತದಲ್ಲಿ ಐಐಟಿ ಖರಗಪುರದ ಸಂಶೋಧಕರು ಈ ದಿಕ್ಕಿನಲ್ಲಿ ಗಟ್ಟಿ ಕೆಲಸ ಮಾಡಿದ್ದಾರೆ. ನೇಪಾಳ ಭೂಕಂಪದ ಸುಮಾರು 50,000 ಟ್ವೀಟ್‌ಗಳನ್ನು ಆಧರಿಸಿ 2016ರಲ್ಲಿ ನಡೆದ ಸಂಶೋಧನಾ ಸ್ಪರ್ಧೆಯಲ್ಲಿ, ಯಾರಿಗೆ ಏನು ಬೇಕು, ಯಾರ ಬಳಿ ಏನಿದೆ ಎಂಬಂಥ ಮಾಹಿತಿಯನ್ನು ಹುಡುಕಿ ತೆಗೆಯುವ ವಿಧಾನಗಳನ್ನು ಒರೆಗೆ ಹಚ್ಚಲಾಯಿತು.

ಇಲ್ಲಿ ನಮಗೆ ನೇರವಾಗಿ ತಟ್ಟುವ ವಿಷಯ ಭಾಷೆ. ನೆದರ್ಲೆಂಡ್ಸ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಜಾಗತಿಕ ನೆರೆ ದಾಖಲೆ 8.8 ಕೋಟಿ ಟ್ವೀಟ್‌ಗಳಿಂದ 10,000ಕ್ಕೂ ಹೆಚ್ಚು ನೆರೆಗಳನ್ನು ಗುರುತಿಸಿತು. ಅದು ಓದಿದ್ದು 11 ಭಾಷೆಗಳನ್ನು. ಅವುಗಳಲ್ಲಿ ಕನ್ನಡ ಇರಲಿಲ್ಲ. ಗೋಕಾಕದ ರೈತ 'ಹೊಳಿ ಬಂದೈತಿ' ಎಂದು ಬರೆದರೆ, ಮಂಗಳೂರಿನ ಹುಡುಗಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿದರೆ ಅಂಥ ಯಂತ್ರಕ್ಕೆ ಅದು ಕಾಣುವುದೇ ಇಲ್ಲ.

ಸುಳ್ಳಿನ ಹೊಳೆ

2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಅಮೆರಿಕದ ಪೂರ್ವ ಕರಾವಳಿಗೆ ಅಪ್ಪಳಿಸಿದಾಗ ನಕಲಿ ಚಿತ್ರಗಳೂ ಹರಿದಾಡಿದವು. ದಿಲ್ಲಿಯ ಐಐಐಟಿಯ ಅದಿತಿ ಗುಪ್ತಾ, ಪೊನ್ನುರಂಗಂ ಕುಮಾರಗುರು ಮತ್ತು ಸಂಗಡಿಗರು ಅವುಗಳ ಜಾಡು ಹಿಡಿದರು. ನಕಲಿ ಚಿತ್ರ ಹೊತ್ತ 10,350 ಟ್ವೀಟ್‌ಗಳಲ್ಲಿ ಶೇ 86ರಷ್ಟು ಬರೀ ಮರುಹಂಚಿಕೆ. ಆ ಮರುಹಂಚಿಕೆಯ ಶೇ 90ರಷ್ಟಕ್ಕೆ ಕಾರಣ ಕೇವಲ 30 ಖಾತೆಗಳು. ಸುಳ್ಳು ಹುಟ್ಟಿಸುವವರು ಕೆಲವರು, ಹೊತ್ತು ನಡೆಯುವವರು ನಾವೆಲ್ಲ.

ಕಾಲ ಕಳೆದಂತೆ ಸುಳ್ಳಿಗೆ ಹಣದ ಆಸೆಯೂ ಸೇರಿತು. 2024ರ ಜನವರಿ 1ರಂದು ಜಪಾನಿನ ನೋಟೊ ಪರ್ಯಾಯ ದ್ವೀಪದಲ್ಲಿ ಭೂಕಂಪವಾದಾಗ, ನೋಟಗಳ ಸಂಖ್ಯೆ ಹೆಚ್ಚಿದಷ್ಟೂ ಹಣ ಸಿಗುವ ವ್ಯವಸ್ಥೆಯಲ್ಲಿ, ಸುಳ್ಳು ವಿಳಾಸ ಹಾಕಿ ಕಾಪಾಡಿ ಎಂದು ಬೇಡಿದ ಪೋಸ್ಟ್‌ಗಳು ಬಂದವು. ಕೇರಳದಲ್ಲಿ 2018ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಸೋರುತ್ತಿದೆ ಎಂಬ ವಾಟ್ಸ್‌ಆ್ಯಪ್ ಧ್ವನಿಮುದ್ರಿಕೆ, ಮೊದಲೇ ಕಂಗೆಟ್ಟಿದ್ದ ಜನರನ್ನು ಇನ್ನಷ್ಟು ಕಂಗೆಡಿಸಿತು.

ಹಾಗೆಂದು ಜನರ ಬಾಯಿ ಮುಚ್ಚಿಸುವುದು ಪರಿಹಾರವಲ್ಲ. ಸುಳ್ಳು ಎಚ್ಚರಿಕೆ ಹಬ್ಬಿಸುವವರಿಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಸೆಕ್ಷನ್ ಒಂದು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಆದರೆ ಕೋವಿಡ್ ಎರಡನೇ ಅಲೆಯಲ್ಲಿ ಆಮ್ಲಜನಕಕ್ಕಾಗಿ ಅಂತರ್ಜಾಲದಲ್ಲಿ ಮೊರೆಯಿಟ್ಟವರನ್ನು ಬೆದರಿಸುವಂತಿಲ್ಲ ಎಂದು 2021ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಕಾಡ್ಗಿಚ್ಚು ಹಬ್ಬಿದಾಗ ಜನರೇ ಬರೆದ ನಕ್ಷೆಗಳನ್ನು ಪರಿಶೀಲಿಸಿದ ಗುಡ್‌ಚೈಲ್ಡ್ ಮತ್ತು ಗ್ಲೆನನ್ ಕೂಡ ಇಂಥದೇ ನಿಲುವಿಗೆ ಬಂದರು: ಬೆಂಕಿ ಬರದಿದ್ದರೂ ಮನೆ ಬಿಟ್ಟು ಹೊರಟರೆ ನಷ್ಟ ಸಣ್ಣದು, ಖಚಿತ ಸುದ್ದಿಗಾಗಿ ಕಾದು ಕೂತರೆ ಹೋಗುವುದು ಪ್ರಾಣ.

ಸುಮ್ಮನಿರುವ ಊರುಗಳು

ಸುಳ್ಳಿಗಿಂತ ದೊಡ್ಡ ಅಪಾಯ ಮೌನ. ಸ್ಯಾಂಡಿ ಬಂದಾಗ ಎರಡು ಕೋಟಿಗೂ ಹೆಚ್ಚು ಟ್ವೀಟ್‌ಗಳು ಬಂದವು. ಅತಿ ಹೆಚ್ಚು ಬಂದದ್ದು ಸ್ಮಾರ್ಟ್‌ಫೋನುಗಳಿಂದ ತುಂಬಿದ ಮ್ಯಾನ್‌ಹಟನ್‌ನಿಂದ. ಹೆಚ್ಚು ನಲುಗಿದ ಬ್ರೀಜಿ ಪಾಯಿಂಟ್, ಕೋನಿ ಐಲೆಂಡ್, ರಾಕವೇಗಳಿಂದ ಬಂದದ್ದು ತೀರಾ ಕಡಿಮೆ. ವಿದ್ಯುತ್ ಹೋಗಿ, ಫೋನ್ ಸತ್ತು, ಟವರ್ ಬಿದ್ದವರು ಏನೆಂದು ಬರೆದಾರು? ಇದನ್ನು ಎತ್ತಿ ತೋರಿಸಿದ ಸಂಶೋಧಕಿ ಕೇಟ್ ಕ್ರಾಫರ್ಡ್ ಅವರ 2013ರ ಎಚ್ಚರಿಕೆ ಇಂದಿಗೂ ಸವೆದಿಲ್ಲ.

ನಮ್ಮಲ್ಲೂ ಇದೇ ಕಥೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದಾಗ ಟ್ರ್ಯಾಕ್ಟರ್ ಏರಿ ಕಚೇರಿಗೆ ಹೊರಟ ಉದ್ಯೋಗಿಗಳ ಚಿತ್ರ ಜಗತ್ತೆಲ್ಲ ಸುತ್ತಿತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಬೆಳಗಾವಿ, ಬಾಗಲಕೋಟೆಯ ಊರೂರನ್ನೇ ನುಂಗಿದಾಗ ಅಷ್ಟು ಗದ್ದಲವಾಗಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಕಾಣೆಯಾದ ಲಾರಿ ಚಾಲಕರೊಬ್ಬರ ಪರವಾಗಿ ಕೇರಳದ ಜನ ಎತ್ತಿದ ದನಿ ಹುಡುಕಾಟವನ್ನು ನಿಲ್ಲದಂತೆ ನೋಡಿಕೊಂಡಿತು. ಆ ದನಿ ನ್ಯಾಯವಾದುದೇ. ಆದರೆ ಸ್ಥಳೀಯ ಸಂತ್ರಸ್ತರಿಗಾಗಿ ಅಷ್ಟೇ ಗಟ್ಟಿಯಾಗಿ ಕೇಳುವವರು ಇರಲಿಲ್ಲ. ಗದ್ದಲದ ನಕ್ಷೆಯನ್ನೇ ಸಂಕಟದ ನಕ್ಷೆ ಎಂದುಕೊಂಡರೆ ನೆರವು ತಪ್ಪು ಬಾಗಿಲಿಗೆ ಹೋಗುತ್ತದೆ. ಹಾಗಾಗಿ ಮಳೆ ಸುರಿಯುತ್ತಿದ್ದರೂ ಯಾವ ಪಂಚಾಯಿತಿಯಿಂದ ಒಂದೂ ಸಂದೇಶ ಬಂದಿಲ್ಲವೋ ಅಲ್ಲಿಗೇ ಮೊದಲು ಜನ ಕಳಿಸಬೇಕು.

ವೇದಿಕೆಯ ಯಜಮಾನರು

ಈ ಇಡೀ ಕಟ್ಟಡ ನಿಂತಿರುವುದು ಖಾಸಗಿ ಕಂಪನಿಗಳ ನೆಲದ ಮೇಲೆ. ಟ್ವಿಟರ್ 2019ರಲ್ಲಿ ಟ್ವೀಟ್‌ನೊಂದಿಗೆ ನಿಖರ ಸ್ಥಳ ಸೇರಿಸುವ ಸೌಲಭ್ಯ ತೆಗೆಯಿತು. 2023ರಲ್ಲಿ, ಮಾಲೀಕತ್ವ ಬದಲಾದ ಮೇಲೆ, ಸಂಶೋಧಕರಿಗೆ ಉಚಿತವಾಗಿ ಸಿಗುತ್ತಿದ್ದ ದತ್ತಾಂಶಕ್ಕೆ ಭಾರಿ ಬೆಲೆ ಕಟ್ಟಿತು. ಆ ಘೋಷಣೆ ಬಂದ ಕೆಲವೇ ದಿನಗಳಲ್ಲಿ ಟರ್ಕಿಯ ಭೂಕಂಪ. ಅವಶೇಷಗಳಡಿಯಿಂದ ಬಂದ ಟ್ವೀಟ್‌ಗಳನ್ನು ಸ್ವಯಂಸೇವಕ ಎಂಜಿನಿಯರುಗಳು ನಕ್ಷೆಗೆ ಏರಿಸುತ್ತಿದ್ದಾಗ, ಫೆಬ್ರುವರಿ 8ರಂದು, ಅಲ್ಲಿನ ಸರ್ಕಾರವೇ ಕೆಲವು ಗಂಟೆ ಟ್ವಿಟರ್‌ಗೆ ತಡೆ ಒಡ್ಡಿತು. ಕಂಪನಿಯ ಲೆಕ್ಕಾಚಾರ, ಸರ್ಕಾರದ ಭಯ, ಎರಡರಲ್ಲಿ ಯಾವುದೊಂದು ಅಡ್ಡಬಂದರೂ ಜೀವಗಳು ಹೋಗುತ್ತವೆ. ಕಷ್ಟದಲ್ಲಿ ಹಂಚಿಕೊಂಡ ಫೋನ್ ಸಂಖ್ಯೆ, ವಿಳಾಸಗಳು ಆಮೇಲೆ ಕಿರುಕುಳಕ್ಕೆ ದಾರಿಯಾಗುವುದನ್ನೂ ಕೋವಿಡ್ ಕಾಲದಲ್ಲಿ ನಮ್ಮ ಹೆಣ್ಣುಮಕ್ಕಳು ಅನುಭವಿಸಿದ್ದಾರೆ.

ಕರ್ನಾಟಕ ಏನು ಮಾಡಬೇಕು

ನಮ್ಮ ರಾಜ್ಯ ಬರಿಗೈಯಲ್ಲಿಲ್ಲ. ಬರ ನಿಗಾ ಘಟಕವಾಗಿ 1988ರಲ್ಲಿ ಆರಂಭವಾದ ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂದು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆಮಾಪಕಗಳ ಜಾಲ ಹೊಂದಿದೆ. ರೈತರಿಗೆ 'ವರುಣ ಮಿತ್ರ' ಸಹಾಯವಾಣಿ, ಸಿಡಿಲಿಗೆ 'ಸಿಡಿಲು' ಆ್ಯಪ್, ಬೆಂಗಳೂರಿನ ಮಳೆಗೆ 'ಮೇಘ ಸಂದೇಶ' ಇವೆ. ಭೂಕುಸಿತದ ಸುದ್ದಿ ಜನರೇ ಕಳಿಸಲು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 2024ರಲ್ಲಿ 'ಭೂಸ್ಖಲನ್' ಆ್ಯಪ್ ತಂದಿದೆ. ಇವುಗಳಲ್ಲಿ ಬಹುಪಾಲು ಮೇಲಿನಿಂದ ಕೆಳಗೆ ಹೇಳುವ ದಾರಿಗಳು. ಕೆಳಗಿನಿಂದ ಮೇಲೆ ಕೇಳಿಸಿಕೊಳ್ಳುವ ದಾರಿ ಇನ್ನೂ ಕಿರಿದು.

ಪಕ್ಕದ ಕೇರಳದ ವಯನಾಡು ಇದಕ್ಕೊಂದು ಕಹಿ ಪಾಠ. ಕಲ್ಪೆಟ್ಟದ ಹ್ಯೂಮ್ ಕೇಂದ್ರ ತೋಟದ ಮಾಲೀಕರು, ರೈತರ ನೆರವಿನಿಂದ ಜಿಲ್ಲೆಯಲ್ಲಿ 200ಕ್ಕೂ ಹೆಚ್ಚು ಮಳೆಮಾಪಕಗಳ ಜಾಲ ಕಟ್ಟಿದೆ. 2024ರ ಜುಲೈ 29ರ ಬೆಳಿಗ್ಗೆಯೇ ಮುಂಡಕ್ಕೈ ಸುತ್ತಮುತ್ತ ಅಪಾಯವಿದೆ ಎಂದು ಅದು ಜಿಲ್ಲಾಡಳಿತಕ್ಕೆ ತಿಳಿಸಿತ್ತು. ಆ ರಾತ್ರಿ ಕಳೆದು ಬೆಳಗಾಗುವ ಮೊದಲೇ ಗುಡ್ಡ ಇಳಿಯಿತು. ಸುದ್ದಿ ಇತ್ತು, ಸಮಯವೂ ಇತ್ತು. ಮುಂಡಕ್ಕೈ, ಚೂರಲ್‌ಮಲ ಉಳಿಯಲಿಲ್ಲ.

2018ರಲ್ಲಿ ಮಕ್ಕಂದೂರು, ಜೋಡುಪಾಲದ ಕುಸಿತ ಕಂಡ ಕೊಡಗು, ಚಾರ್ಮಾಡಿ, ಉತ್ತರ ಕನ್ನಡದ ಘಟ್ಟಸಾಲುಗಳಲ್ಲಿ ಅಂಥ ಜಾಲ ಬೇಕು. ಕಾಫಿ ತೋಟದವರು ತಲೆಮಾರುಗಳಿಂದ ಮಳೆ ಲೆಕ್ಕ ಬರೆದಿಟ್ಟಿದ್ದಾರೆ. ಅದನ್ನು ಯಲಹಂಕದ ಕೇಂದ್ರದೊಂದಿಗೆ ಬೆಸೆಯಬೇಕು. ಸರ್ಕಾರದ್ದೇ ಆದ, ಕನ್ನಡದ ಎಲ್ಲ ಆಡುನುಡಿಗಳನ್ನೂ ಧ್ವನಿ ಸಂದೇಶವನ್ನೂ ಅರಿಯುವ, ನೆಟ್‌ವರ್ಕ್ ಕ್ಷೀಣವಾದಾಗ ಎಸ್‌ಎಂಎಸ್ ಮೂಲಕವೂ ನಡೆಯುವ ಮುಕ್ತ ವರದಿ ವ್ಯವಸ್ಥೆ ಬೇಕು. ಪ್ರತಿ ಪಂಚಾಯಿತಿಯಲ್ಲಿ ಸುದ್ದಿಯನ್ನು ಖಚಿತಪಡಿಸುವ ತರಬೇತಿ ಪಡೆದ ಇಬ್ಬರಾದರೂ ಇರಬೇಕು. ಬಂದ ಎಚ್ಚರಿಕೆಗೆ ಎಷ್ಟು ಹೊತ್ತಿನೊಳಗೆ, ಯಾವ ಅಧಿಕಾರಿ ಉತ್ತರ ಕೊಡಬೇಕು ಎಂಬುದು ನಿಯಮವಾಗಬೇಕು. ಕೊನೆಯ ಅಂಶವಿಲ್ಲದೆ ಉಳಿದವೆಲ್ಲ ವ್ಯರ್ಥ.

ಓದುಗರಿಗೂ ಪಾಲಿದೆ. ವಿಪತ್ತಿನ ಹೊತ್ತಿನಲ್ಲಿ ಬರೆಯುವಾಗ ಊರು, ಗುರುತಿನ ಜಾಗ, ಸಮಯ, ಎಷ್ಟು ಜನ, ಏನು ಬೇಕು ಎಂಬ ಐದು ವಿಷಯ ಬರೆಯಿರಿ. ನೀವೇ ಕಂಡದ್ದನ್ನಷ್ಟೇ ಕಳಿಸಿ. ಬೇರೆಯವರಿಂದ ಬಂದದ್ದನ್ನು ವಿಚಾರಿಸದೆ ದಾಟಿಸಬೇಡಿ. ನೆರವು ತಲುಪಿದ ಕೂಡಲೇ ತಲುಪಿತು ಎಂದು ಹಾಕಿ, ಹಳೆಯ ಕೋರಿಕೆಯನ್ನು ಅಳಿಸಿ. ಎಲ್ಲಕ್ಕೂ ಮೊದಲು 112ಕ್ಕೋ ಜಿಲ್ಲೆಯ 1077ಕ್ಕೋ ಕರೆ ಮಾಡಿ. ಮತ್ತು ಮುಂದಿನ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮ ಊರಿನಿಂದ ಎಚ್ಚರಿಕೆ ಹೋದರೆ ಅದನ್ನು ಕೇಳಿಸಿಕೊಳ್ಳುವವರು ಯಾರು? ಆ ಹೆಸರು ಸಿಗುವವರೆಗೆ ಕೇಳುವುದನ್ನು ಬಿಡಬೇಡಿ.